ಬೆಕ್ಕಿನ ಪಕ್ಷ ವಹಿಸಿ ಒಂದಿಷ್ಟು ಮಾತು

(ಮನೆಯಲ್ಲಿ ಪ್ರಾಣಿ ಸಾಕಿದವರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಯ ಪ್ರಶ್ನೋತ್ತರದಲ್ಲಿ ಎರಡನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಸಂಘಟಕರು ನನಗೆ ಕೊಟ್ಟ ವಿಷಯ ‘ತುಂಟ ಬೆಕ್ಕನ್ನು ಸಂಭಾಳಿಸುವುದು ಹೇಗೆ’ ಎಂಬುದು. ನಾನು ಅದನ್ನು ಬೆಕ್ಕಿನ ಕಡೆಯಿಂದ ಹಿಡಿಯುತ್ತೇನೆ. ಬೆಕ್ಕಿನ ಮೇಲೆ ನಮಗಿರುವ ದೂರುಗಳು ಇಲ್ಲಿ ಕೂತಿರುವ ಎಲ್ಲರಿಗೂ ಬಾಯಿಪಾಠ. ಲೋಟ ಉರುಳಿಸುತ್ತದೆ, ಕೋಳಿ ಕೂಗುವ ಮೊದಲೇ ಎಬ್ಬಿಸುತ್ತದೆ, ಸೋಫಾ ಪರಚುತ್ತದೆ, ಪೇಪರ್ ಬಿಚ್ಚಿದರೆ ಅದರ ಮೇಲೇ ಬಂದು ಕೂರುತ್ತದೆ, ಕರೆದರೆ ಬರುವುದಿಲ್ಲ. ಅದೇ ಗೋಡೆಗಳ ನಡುವೆ ಬದುಕುವ ಬೆಕ್ಕಿಗೆ ನಮ್ಮ ಸಂಸಾರ ಹೇಗೆ ಕಾಣುತ್ತಿರಬಹುದು? ಅದರ ಕಣ್ಣು, ಕಿವಿ, ಮೂಗು, ಹೊಟ್ಟೆ ಹೇಗೆ ಕೆಲಸ ಮಾಡುತ್ತವೆ ಎಂದು ತಿಳಿದುಕೊಂಡರೆ ಈ ಪ್ರಶ್ನೆಗೆ ತಕ್ಕಮಟ್ಟಿಗೆ ಉತ್ತರ ಸಿಗುತ್ತದೆ. ನಾವು ತುಂಟತನ ಎನ್ನುವುದರಲ್ಲಿ ಬಹುಪಾಲು ಬೆಕ್ಕಿನ ಕಸುಬು ಎಂಬುದು ನನ್ನ ನಂಬಿಕೆ. ಆ ಕಸುಬಿಗೆ ಜಾಗ ಸಿಗದ ಮನೆಯಲ್ಲಿ ಅದು ನಮ್ಮ ಸಾಮಾನಿನ ಮೇಲೆ ನಡೆಯುತ್ತದೆ.

ನಾಯಿಯನ್ನು ಮನುಷ್ಯ ಕಾವಲಿಗೆ, ಬೇಟೆಗೆ, ಕುರಿ ಕಾಯುವುದಕ್ಕೆ ಬೇಕಾದ ಹಾಗೆ ತಲೆಮಾರುಗಟ್ಟಲೆ ಆರಿಸಿ ಬೆಳೆಸಿದ. ಬೆಕ್ಕು ತಾನಾಗಿ ಬಂತು. ಸುಮಾರು 10,000 ವರ್ಷಗಳ ಹಿಂದೆ ಪಶ್ಚಿಮ ಏಷ್ಯಾದಲ್ಲಿ ಜನ ಗೋಧಿ, ಬಾರ್ಲಿ ಬೆಳೆದು ಕೂಡಿಡತೊಡಗಿದಾಗ ಕಣಜಕ್ಕೆ ಇಲಿ ಬಂತು, ಇಲಿಯ ಹಿಂದೆ ಅಲ್ಲಿನ ಕಾಡುಬೆಕ್ಕು ಬಂತು. 2007ರಲ್ಲಿ ಒಂದು ಸಾವಿರದಷ್ಟು ಬೆಕ್ಕುಗಳ ಡಿಎನ್‌ಎ ಹೋಲಿಸಿದ ವಿಜ್ಞಾನಿಗಳು, ಜಗತ್ತಿನ ಸಾಕುಬೆಕ್ಕುಗಳೆಲ್ಲ ‘ಫೆಲಿಸ್ ಲಿಬಿಕಾ’ ಎಂಬ ಆ ಕಾಡುಬೆಕ್ಕಿನ ಸಂತಾನ ಎಂದು ತೋರಿಸಿದರು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷ ಹಳೆಯ ಒಂದು ಸಮಾಧಿ ಸಿಕ್ಕಿದೆ. ಮನುಷ್ಯನ ಅಸ್ಥಿಪಂಜರದ ಪಕ್ಕದಲ್ಲೇ ಎಳೆಯ ಬೆಕ್ಕೊಂದನ್ನು ಹೂತಿದ್ದಾರೆ. ಆ ದ್ವೀಪದಲ್ಲಿ ಮೂಲತಃ ಬೆಕ್ಕು ಇರಲಿಲ್ಲ, ಯಾರೋ ದೋಣಿಯಲ್ಲಿ ಜೊತೆಗೇ ಕರೆದೊಯ್ದಿರಬೇಕು. ಆ ಸಂಗತಿ ಓದಿದಾಗ ನನಗೆ ತುಂಬ ಸಂತೋಷವಾಯಿತು, ಇಂದಿಗೂ ಆಗುತ್ತದೆ.

ಈ ಚರಿತ್ರೆಯಿಂದ ನಮಗೆ ತಿಳಿಯಬೇಕಾದದ್ದು ಒಂದಿದೆ. ಬೆಕ್ಕಿಗೆ ನಾವು ವಿಧೇಯತೆಯನ್ನು ಎಂದೂ ಕಲಿಸಲಿಲ್ಲ. ಇಲಿ ಹಿಡಿ, ನಮ್ಮ ಜೊತೆ ಇರು ಎಂಬಷ್ಟೇ ಒಪ್ಪಂದ. ಈಗ ಬೆಂಗಳೂರಿನ ನಾಲ್ಕನೇ ಮಹಡಿಯ ಫ್ಲ್ಯಾಟಿನಲ್ಲಿ ಇಲಿ ಇಲ್ಲ, ಕಣಜವೂ ಇಲ್ಲ. ಇಲಿ ಹಿಡಿಯಲೆಂದೇ ರೂಪುಗೊಂಡ ಮೈ ಮಾತ್ರ ಹಾಗೇ ಉಳಿದಿದೆ.

ಲೋಟದಿಂದ ಶುರು ಮಾಡೋಣ. ನಮ್ಮ ಮನೆಯಲ್ಲಿ ಚುಕ್ಕಿ ಎಂಬ ಹೆಣ್ಣುಬೆಕ್ಕಿದೆ. ಬೂದುಬಣ್ಣ, ಬೆನ್ನ ಮೇಲೆ ಕಪ್ಪು ಪಟ್ಟೆ. ಅಡುಗೆಮನೆಯ ಕಟ್ಟೆಯ ಮೇಲೆ ಸ್ಟೀಲ್ ಲೋಟ ಕಂಡರೆ ಅವಳು ಮಾಡುವುದನ್ನು ನಾನು ಪಕ್ಕದಲ್ಲೇ ನಿಂತು ನೋಡಿದ್ದೇನೆ. ಮೊದಲು ಮೂಗು ತಂದು ಮೂಸುತ್ತಾಳೆ. ಆಮೇಲೆ ಬಲಗೈ ಎತ್ತಿ, ಉಗುರು ಒಳಗೇ ಇಟ್ಟುಕೊಂಡು, ಪಂಜದ ಮೆತ್ತೆಯಿಂದ ಒಮ್ಮೆ ಮುಟ್ಟುತ್ತಾಳೆ. ಲೋಟ ಒಂದು ಬೆರಳಷ್ಟು ಸರಿಯುತ್ತದೆ. ಕೈ ಹಿಂದಕ್ಕೆ ತೆಗೆದು ಕಾಯುತ್ತಾಳೆ. ಮತ್ತೆ ಮುಟ್ಟುತ್ತಾಳೆ, ಮತ್ತೆ ಕಾಯುತ್ತಾಳೆ. ಅಂಚಿಗೆ ಬಂದ ಲೋಟ ಕೆಳಗೆ ಬಿದ್ದು ಟಣ್ ಎಂದಾಗ ಕಿವಿ ಎರಡೂ ಮುಂದಕ್ಕೆ ನೆಟ್ಟಗಾಗುತ್ತವೆ. ಅದು ಉರುಳಿ ಉರುಳಿ ನಿಲ್ಲುವವರೆಗೂ ಬಗ್ಗಿ ನೋಡುತ್ತಲೇ ಇರುತ್ತಾಳೆ.

ಹೊಲದಲ್ಲಿ ಇಲಿ ಹಿಡಿದ ಬೆಕ್ಕನ್ನು ನೋಡಿದವರಿಗೆ ಇದೇ ಚಲನೆ ನೆನಪಾಗುತ್ತದೆ. ಇಲಿಗೂ ಹಲ್ಲಿದೆ, ಅದೂ ತಿರುಗಿ ಕಚ್ಚುತ್ತದೆ. ಹಾಗಾಗಿ ಜೀವ ಇದೆಯೋ, ಓಡುತ್ತದೆಯೋ ಎಂದು ಬೆಕ್ಕು ಪಂಜದಿಂದ ತಟ್ಟಿ ಪರೀಕ್ಷಿಸುತ್ತದೆ. ಪಂಜದ ಮೆತ್ತೆಗೆ ಸ್ಪರ್ಶ ತುಂಬ ಸೂಕ್ಷ್ಮ. ‘ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ’ ಎಂಬ ಗಾದೆ ಇಲಿಯ ಕಡೆಯಿಂದ ನಿಜ. ಬೆಕ್ಕಿನ ಕಡೆಯಿಂದ ನೋಡಿದರೆ ಅದರಲ್ಲಿ ಚೆಲ್ಲಾಟಕ್ಕಿಂತ ಎಚ್ಚರಿಕೆಯೇ ಹೆಚ್ಚು. ಲೋಟದ ವಿಷಯದಲ್ಲಿ ಇನ್ನೊಂದು ಸಂಗತಿಯೂ ಸೇರುತ್ತದೆ. ಲೋಟ ಬಿದ್ದ ಕೂಡಲೇ ಮನೆಯವರೆಲ್ಲ ಓಡಿ ಬರುತ್ತಾರೆ, ಅವಳ ಹೆಸರು ಕೂಗುತ್ತಾರೆ. ಮಧ್ಯಾಹ್ನವೆಲ್ಲ ಲ್ಯಾಪ್‌ಟಾಪಿನಿಂದ ಕಣ್ಣು ಕೀಳದ ಮನುಷ್ಯ ಒಂದೇ ಸದ್ದಿಗೆ ಎದ್ದು ಬಂದ ಎಂದಮೇಲೆ, ಬೆಕ್ಕಿನ ಮಟ್ಟಿಗೆ ಆ ಪ್ರಯೋಗ ಯಶಸ್ವಿ. ನಾಳೆಯೂ ಮಾಡುತ್ತದೆ.

ಬೆಳಗಿನ ಜಾವದ ಉಪದ್ರವಕ್ಕೂ ಕಾರಣ ಇದೇ ಕಸುಬು. ಬೆಕ್ಕು ಹಗಲಿನ ಪ್ರಾಣಿಯಲ್ಲ, ಪೂರ್ತಿ ರಾತ್ರಿಯ ಪ್ರಾಣಿಯೂ ಅಲ್ಲ. ಮುಂಜಾವು ಮತ್ತು ಮುಸ್ಸಂಜೆಯ ಮಬ್ಬುಗತ್ತಲು ಅದರ ದುಡಿಮೆಯ ಹೊತ್ತು, ಇಲಿ ಹೆಗ್ಗಣ ಓಡಾಡುವುದೂ ಆಗಲೇ. ನಮಗೆ ಕಾಣಲು ಬೇಕಾದ ಬೆಳಕಿನ ಆರನೇ ಒಂದು ಭಾಗ ಇದ್ದರೂ ಅದಕ್ಕೆ ಸಾಕು. ಕಣ್ಣಿನ ಹಿಂಪದರದಲ್ಲಿರುವ ಕನ್ನಡಿಯಂಥ ಪೊರೆ ಒಳಬಂದ ಬೆಳಕನ್ನು ಇನ್ನೊಮ್ಮೆ ತಿರುಗಿಸಿ ಕೊಡುತ್ತದೆ. ಕತ್ತಲಲ್ಲಿ ಟಾರ್ಚ್ ಬಿಟ್ಟಾಗ ಬೆಕ್ಕಿನ ಕಣ್ಣು ಹೊಳೆಯುವುದು ಆ ಪೊರೆಯಿಂದಲೇ. ನಾಲ್ಕೂವರೆಗೆ ನಿಮ್ಮ ಹೊದಿಕೆಯ ಮೇಲೆ ನಡೆದಾಡುವ ಬೆಕ್ಕಿಗೆ ಅದು ಕೆಲಸಕ್ಕೆ ಹೊರಡುವ ಸಮಯ. ಹೊದಿಕೆಯೊಳಗೆ ಅಲುಗಾಡುವ ನಿಮ್ಮ ಕಾಲ್ಬೆರಳು ಬಿಟ್ಟರೆ ಅಲ್ಲಿ ಬೇರೆ ಬೇಟೆ ಇರುವುದಿಲ್ಲ.

ಇದಕ್ಕೆ ಪರಿಹಾರ ಇದೆ, ಮತ್ತು ಅದು ಫಲ ಕೊಡುತ್ತದೆ. ಸಂಜೆ, ಮಲಗುವ ಮುನ್ನ, ಬೆಕ್ಕಿನ ಜೊತೆ ಹತ್ತು ನಿಮಿಷ ಬೇಟೆಯಾಡಿ. ದಾರಕ್ಕೆ ಒಂದು ಗರಿ ಕಟ್ಟಿದರೆ ಸಾಕು, ತೆಂಗಿನ ಗರಿಯ ಕಡ್ಡಿಯೂ ನಡೆಯುತ್ತದೆ. ಅದನ್ನು ಬೆಕ್ಕಿನ ಮುಖಕ್ಕೆ ಆಡಿಸಬೇಡಿ, ಬೆಕ್ಕಿನಿಂದ ದೂರ ಎಳೆಯಿರಿ. ಚಾಪೆಯ ಅಂಚಿನಲ್ಲಿ, ಕುರ್ಚಿಯ ಕಾಲಿನ ಹಿಂದೆ ಅಡಗಿಸಿ. ಯಾವ ಇಲಿಯೂ ಬೆಕ್ಕಿನ ಕಡೆಗೆ ಓಡಿ ಬರುವುದಿಲ್ಲ. ಕೊನೆಗೆ ಹಿಡಿಯಲು ಬಿಡಿ, ಕಚ್ಚಲು ಬಿಡಿ, ಆಮೇಲೆ ಊಟ ಹಾಕಿ. ಹೊಂಚು ಹಾಕುವುದು, ಹಿಡಿಯುವುದು, ತಿನ್ನುವುದು, ಮೈ ನೆಕ್ಕಿಕೊಳ್ಳುವುದು, ಮಲಗುವುದು ಎಂಬ ಸರಣಿ ಪೂರ್ತಿಯಾದರೆ ಬೆಕ್ಕು ನಿಜಕ್ಕೂ ನಿದ್ದೆ ಹೋಗುತ್ತದೆ. ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದವರು 2021ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಹತ್ತಿರದ್ದು. ಹೊರಗೆ ಬೇಟೆಯಾಡುವ ಬೆಕ್ಕುಗಳ ಜೊತೆ ದಿನಕ್ಕೆ ಐದು ಹತ್ತು ನಿಮಿಷ ಆಡಿದಾಗ ಅವು ಮನೆಗೆ ತರುವ ಬೇಟೆ ಶೇ. 25ರಷ್ಟು ಇಳಿಯಿತು. ಮಾಂಸದ ಅಂಶ ಹೆಚ್ಚಿರುವ ಆಹಾರ ಕೊಟ್ಟಾಗ ಶೇ. 36ರಷ್ಟು ಇಳಿಯಿತು.

ಆ ಎರಡನೇ ಅಂಕಿಯ ಬಗ್ಗೆ ಸ್ವಲ್ಪ ನಿಂತು ಮಾತಾಡಬೇಕು. ನಮ್ಮ ಕಡೆ ಎಷ್ಟೋ ಸಸ್ಯಾಹಾರಿ ಮನೆಗಳಲ್ಲಿ ಬೆಕ್ಕಿದೆ, ಪ್ರೀತಿಯೂ ಬೇಕಾದಷ್ಟಿದೆ. ತಟ್ಟೆಯಲ್ಲಿ ಮಾತ್ರ ಹಾಲನ್ನ, ಮೊಸರನ್ನ. ಹಿಂದೆ ಇದು ನಡೆಯುತ್ತಿತ್ತು. ಏಕೆಂದರೆ ಹೆಂಚಿನ ಮನೆಯ ಬೆಕ್ಕು ಹಾಲನ್ನ ತಿಂದು ಅಟ್ಟಕ್ಕೆ ಹೋಗಿ ತನಗೆ ಬೇಕಾದ ಮಿಕ್ಕದ್ದನ್ನು ತಾನೇ ಹಿಡಿದುಕೊಳ್ಳುತ್ತಿತ್ತು. ಫ್ಲ್ಯಾಟಿನ ಬೆಕ್ಕಿಗೆ ಆ ಅಟ್ಟ ಇಲ್ಲ. ಬೆಕ್ಕಿನ ಮೈಗೆ ಟಾರಿನ್ ಎಂಬ ಪದಾರ್ಥ ಬೇಕೇ ಬೇಕು. ನಮ್ಮ ದೇಹ ಅದನ್ನು ತಾನೇ ತಯಾರಿಸಿಕೊಳ್ಳುತ್ತದೆ, ಬೆಕ್ಕಿನ ದೇಹಕ್ಕೆ ಸಾಕಾಗುವಷ್ಟು ತಯಾರಿಸಲು ಬರುವುದಿಲ್ಲ. ಅದು ಮಾಂಸ, ಮೀನಿನಲ್ಲಿದೆ, ಅನ್ನದಲ್ಲಿಲ್ಲ. 1975ರಲ್ಲಿ ಅಮೆರಿಕದ ಸಂಶೋಧಕರು ಹಾಲಿನ ಪ್ರೋಟೀನ್ ಆದ ಕೇಸಿನ್ನನ್ನೇ ನೆಚ್ಚಿದ ಆಹಾರ ಕೊಟ್ಟ ಬೆಕ್ಕುಗಳ ಅಕ್ಷಿಪಟಲ ಕ್ಷೀಣಿಸುವುದನ್ನು ಕಂಡರು. ಕಾರಣ ಟಾರಿನ್ ಕೊರತೆ. 1987ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ, ಬೆಕ್ಕುಗಳ ಹೃದಯ ಹಿಗ್ಗಿ ಸೋಲುವ ಒಂದು ಕಾಯಿಲೆಗೂ ಇದೇ ಕೊರತೆ ಮೂಲ ಎಂದು ಗೊತ್ತಾಯಿತು. ಟಾರಿನ್ ಕೊಟ್ಟಾಗ ಹೃದಯ ಚೇತರಿಸಿಕೊಂಡಿತು. ಪ್ಯಾಕೆಟ್ ಆಹಾರ ತಯಾರಿಸುವವರು ಅದರ ಪ್ರಮಾಣ ಹೆಚ್ಚಿಸಿದ್ದು ಆ ಬಳಿಕ.

ಹಾಗಾಗಿ ಕೈಮುಗಿದು ಕೇಳಿಕೊಳ್ಳುತ್ತೇನೆ. ಅಡುಗೆಮನೆಗೆ ಮೀನು ಮೊಟ್ಟೆ ಬರಬಾರದು ಎಂಬುದು ನಿಮ್ಮ ಆಚಾರವಾದರೆ ಅದು ನಿಮ್ಮ ಹಕ್ಕು. ಬೆಕ್ಕಿನ ಪ್ಯಾಕೆಟ್ ಆಹಾರವನ್ನು ಬಾಲ್ಕನಿಯಲ್ಲೋ ಹಿತ್ತಿಲಲ್ಲೋ ಪ್ರತ್ಯೇಕ ತಟ್ಟೆಯಲ್ಲಿ ಕೊಡಿ. ಮೊಸರನ್ನದ ಮೇಲೆ ಮಾತ್ರ ಅದನ್ನು ಸಾಕಬೇಡಿ. ಹಲ್ಲಿ, ಜಿರಳೆ, ಗುಬ್ಬಚ್ಚಿ ಹಿಡಿದು ತಂದದ್ದಕ್ಕೆ ಅದನ್ನು ಕಟುಕ ಎಂದು ಬೈಯುವ ಮೊದಲು ಅದರ ತಟ್ಟೆಯಲ್ಲಿ ಏನಿತ್ತು ಎಂದು ನೋಡಿ.

ಊಟದ ಮಾತಿಗೆ ಸೇರಿದ ಇನ್ನೆರಡು ಮೂರು ಸಂಗತಿ. ಬೆಕ್ಕಿಗೆ ಸಿಹಿ ಗೊತ್ತಾಗುವುದೇ ಇಲ್ಲ. ಸಿಹಿಯನ್ನು ಗುರುತಿಸುವ ಜೀನ್‌ಗಳಲ್ಲಿ ಒಂದು ಅದರಲ್ಲಿ ಕೆಟ್ಟುಹೋಗಿದೆ ಎಂದು 2005ರಲ್ಲಿ ಫಿಲಡೆಲ್ಫಿಯಾದ ಮೊನೆಲ್ ಸಂಸ್ಥೆಯವರು ಪತ್ತೆ ಮಾಡಿದರು. ನಿಮ್ಮ ಪಾಯಸದ ಬಟ್ಟಲಿಗೆ ಬಾಯಿ ಹಾಕುವ ಬೆಕ್ಕು ತುಪ್ಪ ಮತ್ತು ಹಾಲಿನ ಕೊಬ್ಬಿಗಾಗಿ ಬರುತ್ತದೆ, ಸಕ್ಕರೆಗಲ್ಲ. ಬೆಳೆದ ಬೆಕ್ಕುಗಳಲ್ಲಿ ಅನೇಕಕ್ಕೆ ಹಾಲು ಅರಗದೆ ಭೇದಿಯಾಗುತ್ತದೆ. ಈರುಳ್ಳಿ, ಬೆಳ್ಳುಳ್ಳಿ ಅದರ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ, ಆದ್ದರಿಂದ ಸಾರು, ಹುಳಿ, ಮಸಾಲೆ ಕಲಸಿದ ಅನ್ನ ಬೇಡ. ಜ್ವರ ಬಂದಂತಿದೆ ಎಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಮಾತ್ರೆಯ ಚೂರನ್ನೂ ಕೊಡಬೇಡಿ. ಅದನ್ನು ನಿರ್ವಿಷಗೊಳಿಸುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ತೀರ ಕಡಿಮೆ. ಒಂದೇ ಮಾತ್ರೆ ಅದರ ಪ್ರಾಣ ತೆಗೆಯಬಲ್ಲದು.

ಮತ್ತೆ ಮನೆಯೊಳಕ್ಕೆ ಬರೋಣ. ನವರಾತ್ರಿಯಲ್ಲಿ ಬೊಂಬೆ ಕೂರಿಸುವವರು ಇಲ್ಲಿ ಹಲವರಿದ್ದೀರಿ. ಬಿಳಿ ಬಟ್ಟೆ ಹಾಸಿದ ಮೆಟ್ಟಿಲು, ಮೇಲ್ಗಡೆ ಪಟ್ಟದ ಗೊಂಬೆಗಳು, ಕೆಳಗೆ ಅಕ್ಕಿಬೇಳೆ ಇಟ್ಟುಕೊಂಡು ಕೂತ ಶೆಟ್ಟಿ ದಂಪತಿ. ನಿಮಗೆ ಅದು ಪೂಜೆ, ಸಂಭ್ರಮ. ಬೆಕ್ಕಿಗೆ ಅದು ವರ್ಷವೆಲ್ಲ ಬೇಡಿಕೊಂಡರೂ ಯಾರೂ ಕೊಡದ ಏಣಿ. ಅದರ ಪೂರ್ವಜ ಬೇಟೆಗಾರನೂ ಹೌದು, ತನಗಿಂತ ದೊಡ್ಡ ಪ್ರಾಣಿಗಳಿಗೆ ಬೇಟೆಯೂ ಹೌದು. ಎತ್ತರದಲ್ಲಿ ಕೂತರೆ ಎರಡೂ ಕಡೆಯ ಲೆಕ್ಕ ಸರಿಹೋಗುತ್ತದೆ. ಎಲ್ಲರೂ ಕಾಣುತ್ತಾರೆ, ಹಿಂದಿನಿಂದ ಯಾರೂ ಬರಲಾರರು. ಚುಕ್ಕಿ ರಾತ್ರಿ ಆ ಮೆಟ್ಟಿಲು ಹತ್ತುವುದನ್ನು ನಾನು ಉಸಿರು ಬಿಗಿಹಿಡಿದು ನೋಡಿದೆ. ಮುಂಗಾಲು ಇಟ್ಟ ಜಾಗದಲ್ಲೇ ಹಿಂಗಾಲು ಇಡುವುದು ಬೆಕ್ಕಿನ ನಡಿಗೆ. ಅದರ ಕೊರಳೆಲುಬು ಬೇರೆ ಮೂಳೆಗಳಿಗೆ ಅಂಟಿಕೊಂಡಿರುವುದಿಲ್ಲವಾದ್ದರಿಂದ ತಲೆ ತೂರಿದ ಸಂದಿಯಲ್ಲಿ ಭುಜವೂ ತೂರುತ್ತದೆ. ದಶಾವತಾರದ ಗೊಂಬೆಗಳ ನಡುವೆ ಹಾದು, ಒಂದನ್ನೂ ಅಲುಗಿಸದೆ, ಪಟ್ಟದ ರಾಜನ ಪಕ್ಕದಲ್ಲಿ ಹೋಗಿ ಕೂತಳು. ಅಟ್ಟಣಿಗೆಯ ಮೇಲೋ ಬೀರುವಿನ ಮೇಲೋ ಒಂದು ಹಳೆಯ ಜಮಖಾನ ಹಾಕಿ, ಅಲ್ಲಿಗೆ ಹತ್ತಲು ಒಂದು ಸ್ಟೂಲ್ ಇಟ್ಟ ಮೇಲೆ ಬೊಂಬೆಯ ತಂಟೆ ನಮ್ಮಲ್ಲಿ ನಿಂತಿತು.

ಪೇಪರಿನ ಮೇಲೆ, ಲ್ಯಾಪ್‌ಟಾಪಿನ ಮೇಲೆ, ಸೆಟ್‌ಟಾಪ್ ಬಾಕ್ಸಿನ ಮೇಲೆ ಕೂರುವುದಕ್ಕೆ ಕಾರಣ ಭಾಗಶಃ ನೀವು, ಭಾಗಶಃ ಬಿಸಿ. ಮೈ ಬಿಸಿ ಕಾಪಾಡಿಕೊಳ್ಳಲು ಶ್ರಮ ಪಡದೆ ಬೆಕ್ಕು ಹಾಯಾಗಿರುವ ತಾಪಮಾನ 30ರಿಂದ 38 ಡಿಗ್ರಿ ಸೆಲ್ಸಿಯಸ್. ನಮಗೆ ಹಿತವಾದ ಬೆಂಗಳೂರಿನ ಡಿಸೆಂಬರ್ ಅದಕ್ಕೆ ಚಳಿಯೇ. ಸೌದೆ ಒಲೆಯ ಕಾಲದಲ್ಲಿ ರಾತ್ರಿ ಬೂದಿಯ ಬಿಸಿಯಲ್ಲಿ ಮಲಗುತ್ತಿದ್ದ ಬೆಕ್ಕು ಈಗ ಬಿಸಿಯಿರುವ ಯಂತ್ರ ಹುಡುಕುತ್ತದೆ.

ಸೋಫಾ ಪರಚುವುದೂ ಹಾಗೆಯೇ, ಅದಕ್ಕೆ ಅಗತ್ಯ. ಉಗುರಿನ ಹಳೆಯ ಪದರ ಕಳಚಬೇಕು, ಬೆನ್ನು ನೀಳವಾಗಿ ಚಾಚಬೇಕು, ಪಂಜದ ವಾಸನೆ ಬಿಟ್ಟು ‘ಇದು ನನ್ನ ಜಾಗ’ ಎಂದು ಬರೆದಿಡಬೇಕು. ಅಲುಗದ ಮರದ ಕಂಬವೊಂದಕ್ಕೆ ತೆಂಗಿನ ನಾರಿನ ಹಗ್ಗ ಸುತ್ತಿ, ಬೆಕ್ಕು ನಿಂತು ಕೈಚಾಚಿದರೂ ಮಿಗುವಷ್ಟು ಎತ್ತರವಿಟ್ಟು, ಸೋಫಾದ ಪಕ್ಕದಲ್ಲೇ ನಿಲ್ಲಿಸಿ. ಮೂಲೆಯಲ್ಲಿ ಬಚ್ಚಿಟ್ಟ ಕಂಬವನ್ನು ಅದು ಮೂಸಿಯೂ ನೋಡುವುದಿಲ್ಲ. ಹತ್ತು ಜನ ಓಡಾಡುವ ಕಡೆಯೇ ಅದಕ್ಕೆ ಸಹಿ ಹಾಕಬೇಕು.

ಹೊಡೆದರೆ ಬುದ್ಧಿ ಬರುತ್ತದೆ ಎನ್ನುವವರಿಗೆ ತೆನಾಲಿ ರಾಮನ ಬೆಕ್ಕಿನ ಕಥೆ ನೆನಪಿಸುತ್ತೇನೆ. ವಿಜಯನಗರದಲ್ಲಿ ಇಲಿಯ ಕಾಟ ಹೆಚ್ಚಾಗಿ ಕೃಷ್ಣದೇವರಾಯ ಮನೆಗೊಂದು ಬೆಕ್ಕು, ಅದಕ್ಕೆ ಹಾಲಿಗೆಂದು ಒಂದು ಹಸು ಕೊಟ್ಟನಂತೆ. ರಾಮ ಮೊದಲ ದಿನವೇ ಕುದಿಯುವ ಹಾಲಿಟ್ಟ, ಆಮೇಲೆ ಆ ಬೆಕ್ಕು ಹಾಲು ಕಂಡರೇ ಓಡುತ್ತಿತ್ತು. ಚಿಕ್ಕಂದಿನಲ್ಲಿ ನಕ್ಕಿದ್ದ ಆ ಕಥೆಯಲ್ಲಿ ಈಗ ನನಗೆ ಬಾಯಿ ಸುಟ್ಟ ಬೆಕ್ಕು ಮಾತ್ರ ಕಾಣುತ್ತದೆ. ನೋವು ಕೊಟ್ಟದ್ದನ್ನು ಬೆಕ್ಕು ಬೇಗ ಕಲಿಯುತ್ತದೆ, ಬಹುಕಾಲ ಮರೆಯುವುದಿಲ್ಲ. ಲೋಟ ಬೀಳಿಸಿದ್ದಕ್ಕೆ ಹೊಡೆದರೆ ಅದು ಲೋಟಕ್ಕೂ ಏಟಿಗೂ ಗಂಟು ಹಾಕುವುದಿಲ್ಲ. ಏಟಿಗೂ ನಿಮ್ಮ ಕೈಗೂ ಗಂಟು ಹಾಕುತ್ತದೆ.

ಇಷ್ಟಾದರೂ ಬೆಕ್ಕಿಗೆ ಮನೆಯವರ ಮೇಲೆ ಅಕ್ಕರೆಯಿಲ್ಲ, ಅನ್ನ ಹಾಕುವವರೆಲ್ಲ ಒಂದೇ ಎಂಬ ಮಾತು ಊರೆಲ್ಲ ಇದೆ. ಅದು ಸುಳ್ಳು. ಬೆಳೆದ ಬೆಕ್ಕುಗಳು ತಮ್ಮ ತಮ್ಮಲ್ಲಿ ಮಿಯಾಂವ್ ಎನ್ನುವುದು ಬಹಳ ಅಪರೂಪ. ಮರಿಯಾಗಿದ್ದಾಗ ತಾಯಿಯನ್ನು ಕರೆಯಲು ಬಳಸಿದ ದನಿಯನ್ನು ಅವು ನಮಗಾಗಿ ಉಳಿಸಿಕೊಂಡಿವೆ. ಬಾಲ ನೆಟ್ಟಗೆ ಎತ್ತಿ ಎದುರು ಬರುವುದೂ ತಾಯಿಗೆ ಸಲ್ಲುತ್ತಿದ್ದ ನಮಸ್ಕಾರವೇ. 2009ರಲ್ಲಿ ಸಸೆಕ್ಸ್ ವಿಶ್ವವಿದ್ಯಾಲಯದವರು, ಊಟ ಕೇಳುವಾಗ ಬೆಕ್ಕು ಹೊರಡಿಸುವ ಗುರುಗುಟ್ಟುವಿಕೆಯೊಳಗೆ ಎಳೆಗೂಸಿನ ಅಳುವನ್ನು ಹೋಲುವ ಒಂದು ಏರುದನಿ ಅಡಗಿದೆ ಎಂದು ತೋರಿಸಿದರು. ಬೆಕ್ಕು ಸಾಕದವರ ಕಿವಿಗೂ ಅದು ತುರ್ತಾಗಿ ಕೇಳಿಸಿತು. ಹೆಸರು ಕರೆದರೆ ತಿರುಗದ ಬೆಕ್ಕಿನ ವಿಷಯವೂ ಪರೀಕ್ಷೆಯಾಗಿದೆ. ಜಪಾನಿನಲ್ಲಿ ಅತ್ಸುಕೊ ಸೈತೊ ಮತ್ತು ಸಂಗಡಿಗರು, ಬೆಕ್ಕಿಗೆ ಅದರ ಹೆಸರಿನಷ್ಟೇ ಉದ್ದದ ಬೇರೆ ನಾಲ್ಕು ಪದಗಳನ್ನು ಕೇಳಿಸಿ ಕೊನೆಗೆ ಹೆಸರು ಕೇಳಿಸಿದರು. 2019ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಹೆಸರು ಬಂದಾಗ ಬೆಕ್ಕು ಕಿವಿ ಅಥವಾ ತಲೆ ತಿರುಗಿಸುತ್ತದೆ, ಎದ್ದು ಬರುವುದು ಕಡಿಮೆ. ಚುಕ್ಕಿಯನ್ನು ಕರೆದು ನೋಡಿ, ಮೈ ಅಲುಗುವುದಿಲ್ಲ, ಎಡಗಿವಿ ಮಾತ್ರ ನಿಮ್ಮ ಕಡೆ ತಿರುಗುತ್ತದೆ. ಕೇಳಿಸಿದೆ, ಬರಬೇಕೋ ಬೇಡವೋ ಎಂಬುದು ಅವಳ ತೀರ್ಮಾನ. 2020ರ ಇನ್ನೊಂದು ಅಧ್ಯಯನ ನನಗೆ ಬಹಳ ಪ್ರಿಯ. ನೀವು ಕಣ್ಣು ಕಿರಿದು ಮಾಡಿ ನಿಧಾನ ರೆಪ್ಪೆ ಮುಚ್ಚಿ ತೆರೆದರೆ ಬೆಕ್ಕೂ ಹಾಗೆಯೇ ಮಾಡುವ ಸಂಭವ ಹೆಚ್ಚುತ್ತದೆ, ಅಪರಿಚಿತರು ಹಾಗೆ ಮಾಡಿದರೂ ಅವರ ಹತ್ತಿರ ಬರುತ್ತದೆ. ಇವತ್ತು ಮನೆಗೆ ಹೋಗಿ ಮಾಡಿ ನೋಡಿ.

ಕುಪ್ಪಿಗಿಡದ ಬಗ್ಗೆ ಹೇಳದಿದ್ದರೆ ಮಾತು ಅಪೂರ್ಣ. ರಸ್ತೆ ಬದಿಯಲ್ಲಿ, ಹೂಕುಂಡದಲ್ಲಿ ತಾನಾಗಿ ಹುಟ್ಟುವ ಕಳೆ ಅದು. ಕಿತ್ತು ಬೇರನ್ನು ಬೆಕ್ಕಿನ ಮುಂದಿಟ್ಟರೆ ಮೂಸುತ್ತದೆ, ಕೆನ್ನೆ ಉಜ್ಜುತ್ತದೆ, ಅದರ ಮೇಲೆ ಹೊರಳಾಡುತ್ತದೆ. ಪೇಟೆಯಲ್ಲಿ ದುಡ್ಡು ಕೊಟ್ಟು ತರುವ ಕ್ಯಾಟ್‌ನಿಪ್ ಪುಡಿಯ ಕೆಲಸವನ್ನೇ ನಮ್ಮ ಹಿತ್ತಿಲ ಗಿಡ ಮಾಡುತ್ತದೆ.

ದೀಪಾವಳಿ ಬರುತ್ತಿದೆ, ಒಂದು ಮಾತು. ದನಿ ಎಷ್ಟು ಕೀಚಲು ಎಂಬುದರ ಅಳತೆಯಲ್ಲಿ ನಮ್ಮ ಕಿವಿ 20 ಕಿಲೋಹರ್ಟ್ಸ್‌ಗೆ ನಿಂತರೆ ಬೆಕ್ಕಿನದು ಸುಮಾರು 85ರವರೆಗೆ ಹೋಗುತ್ತದೆ, ಮಂಚದಡಿಯ ಇಲಿಮರಿಯ ಕೀಚಲು ಕೇಳುವುದಕ್ಕೆಂದೇ. ಆ ಕಿವಿಗೆ ಪಟಾಕಿ ಎಂದರೆ ಏನೆಂದು ಊಹಿಸಿ. ಅಡಗಲು ಒಂದು ರಟ್ಟಿನ ಡಬ್ಬ ಕೊಡಿ, ಎಳೆದು ಹೊರಗೆ ತರಬೇಡಿ. ಹೊಸದಾಗಿ ಬಂದ ಬೆಕ್ಕುಗಳಿಗೆ ಅಡಗುವ ಡಬ್ಬ ಕೊಟ್ಟಾಗ ಆತಂಕ ಬೇಗ ಇಳಿಯುತ್ತದೆ ಎಂದು ನೆದರ್ಲೆಂಡ್ಸಿನ ಆಶ್ರಯಧಾಮವೊಂದರಲ್ಲಿ ನಡೆದ ಅಧ್ಯಯನ ತೋರಿಸಿದೆ.

ಪ್ರಶ್ನೆಗಳಲ್ಲಿ ಮೊದಲನೆಯದು ಒಬ್ಬ ಅಜ್ಜಿಯದು. “ತಟ್ಟೆ ಮುಂದಿಟ್ಟರೂ ಕಾಣದ ಹಾಗೆ ಹುಡುಕುತ್ತಲ್ಲಪ್ಪ, ಕಣ್ಣು ಹೋಯ್ತಾ?”

ಇಲ್ಲಮ್ಮ. ಸುಮಾರು ಒಂದು ಗೇಣಿಗಿಂತ ಹತ್ತಿರದ್ದು ಬೆಕ್ಕಿಗೆ ಮಸುಕು. ಅಲ್ಲಿ ಮೂಗು, ಮೀಸೆಯೇ ಕಣ್ಣು. ಅಗಲವಾದ, ಆಳವಿಲ್ಲದ ತಟ್ಟೆಯಲ್ಲಿ ಹಾಕಿ, ಮೀಸೆ ಒತ್ತುವುದಿಲ್ಲ. ನಡೆಯುವಾಗ ಗೋಡೆಗೆ ತಾಗುತ್ತಿದ್ದರೆ, ಹಗಲಲ್ಲೂ ಪಾಪೆ ಅಗಲವಾಗಿಯೇ ಇದ್ದರೆ ಮಾತ್ರ ತಡಮಾಡದೆ ಪಶುವೈದ್ಯರಿಗೆ ತೋರಿಸಿ.

ಎರಡನೆಯದು ಎಳೆಯ ದಂಪತಿಯದು. “ನಾವು ಏಳನೇ ಮಹಡಿ ಸರ್. ಬೆಕ್ಕು ಹೇಗೆ ಬಿದ್ದರೂ ಕಾಲ ಮೇಲೇ ಬೀಳುತ್ತಂತೆ, ಬಾಲ್ಕನಿಗೆ ಬಲೆ ಬೇಕಾ?”

ಬೇಕೇ ಬೇಕು. ಗಾಳಿಯಲ್ಲಿ ಮೈ ತಿರುಗಿಸಿಕೊಳ್ಳುವ ವಿದ್ಯೆ ಅದಕ್ಕಿದೆ, ನಿಜ. ನ್ಯೂಯಾರ್ಕಿನ ಆಸ್ಪತ್ರೆಯೊಂದಕ್ಕೆ ಬಂದ, ಎತ್ತರದ ಕಟ್ಟಡಗಳಿಂದ ಬಿದ್ದ 132 ಬೆಕ್ಕುಗಳ ವಿವರ 1987ರಲ್ಲಿ ಪ್ರಕಟವಾಯಿತು, ಚಿಕಿತ್ಸೆ ಪಡೆದವುಗಳಲ್ಲಿ ಶೇ. 90 ಉಳಿದವು. ಜನ ಈ ಒಂದು ಅಂಕಿಯನ್ನು ಹೇಳುತ್ತಾರೆ. ಆ ಬೆಕ್ಕುಗಳ ಎದೆಗೆ ಆದ ಪೆಟ್ಟು, ಮುರಿದ ಕಾಲು, ಸೀಳಿದ ಅಂಗುಳ ಯಾರೂ ಹೇಳುವುದಿಲ್ಲ. ಬಿದ್ದಲ್ಲೇ ಸತ್ತು ಆಸ್ಪತ್ರೆಗೆ ಬಾರದವು ಆ ಲೆಕ್ಕದಲ್ಲೇ ಇಲ್ಲ. ಪಾರಿವಾಳಕ್ಕೆಂದು ಹಾಕುವ ತೆಳು ನೈಲಾನ್ ಬಲೆಯನ್ನು ಬೆಕ್ಕು ಕಚ್ಚಿ ಹರಿಯಬಲ್ಲದು. ಸ್ಟೀಲ್ ಜಾಲರಿ ಹಾಕಿಸಿ, ಕೆಳಗಿನ ಅಂಚನ್ನು ನೆಲಕ್ಕೆ ಬಿಗಿಸಿ, ಎಲ್ಲಿಯೂ ಬೆಕ್ಕಿನ ತಲೆ ತೂರುವಷ್ಟು ಸಂದಿ ಇರದಂತೆ ನೋಡಿಕೊಳ್ಳಿ. ಆಮೇಲೆ ಜಾಲರಿಯ ಪಕ್ಕ ಎತ್ತರದ ಒಂದು ಸ್ಟೂಲ್ ಇಡಿ. ಕೂತು ಪಾರಿವಾಳ ನೋಡಿ ಹಲ್ಲು ಕಟಕಟಿಸಲಿ, ಅದಕ್ಕೂ ದಿನಕ್ಕೊಂದಿಷ್ಟು ಕೆಲಸ ಬೇಕಲ್ಲ.